ಶೇ 78 ಚಾರ್ಜ್ ಇದ್ದರೂ ಕದಲದ ಕಾರು

ಎಲೆಕ್ಟ್ರಿಕ್ ಕಾರು ತಗೊಂಡ ದಿನದಿಂದ ನೆಂಟರು, ಅಕ್ಕಪಕ್ಕದವರು ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. "ದಾರೀಲಿ ಚಾರ್ಜ್ ಖಾಲಿಯಾದ್ರೆ ಏನ್ ಮಾಡ್ತೀರಿ?" ನನಗೂ ಅದೇ ಭಯ ಇತ್ತು. ಮೂರು ವರ್ಷ ದಾರಿಯಲ್ಲಿ ಏನೂ ಆಗಲಿಲ್ಲ. ಕಾರು ಕೈಕೊಟ್ಟಿದ್ದು ಮೈಸೂರಿನಲ್ಲಿ, ನಮ್ಮದೇ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ಆಗ ಅದರಲ್ಲಿ ಶೇ 78 ಚಾರ್ಜ್ ಇತ್ತು.

ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಹನ್ನೆರಡು ದಿನ ಬಿಟ್ಟು ಬಂದಿದ್ದೆ. ಬೆಳಿಗ್ಗೆ ಆರು ಗಂಟೆಗೆ ರಿಮೋಟ್ ಒತ್ತಿದರೆ ಕಾರು ಮಿಸುಕಾಡಲಿಲ್ಲ. ಲಾಕ್ ತೆಗೆಯುವ ಸದ್ದಿಲ್ಲ, ಲೈಟ್ ಮಿಣುಕಲಿಲ್ಲ. ವಾಚ್‌ಮನ್ ಬಂದು ನಿಂತ. "ತಳ್ಳಿದ್ರೆ ಸ್ಟಾರ್ಟ್ ಆಗುತ್ತಾ ಸಾರ್?" ಇಲ್ಲಪ್ಪ, ಆಗಲ್ಲ. ಮೇಲಿನ ಮನೆಯವರು ಇನ್ನೂ ಬುದ್ಧಿವಂತರು. "ಚಾರ್ಜರ್ ಹಾಕಿಬಿಡಿ, ಎದ್ದೇಳುತ್ತೆ" ಅಂದರು. ಅದೂ ಆಗಲ್ಲ.

ಯಾಕೆ ಆಗಲ್ಲ ಅನ್ನೋದು ಗೊತ್ತಿದ್ದರೆ ಮಿಕ್ಕಿದ್ದೆಲ್ಲ ಸುಲಭ. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿ ಎರಡು. ಕಾರಿನ ತಳದಲ್ಲಿ ಇರುವ ದೊಡ್ಡದು ಕಾರು ಓಡಿಸುತ್ತದೆ. ನನ್ನದು ಸುಮಾರು 30 ಯೂನಿಟ್ ಹಿಡಿಯುವಂಥದ್ದು. ಬಾನೆಟ್ ಕೆಳಗಿನ ಸಣ್ಣದು ಪೆಟ್ರೋಲ್ ಕಾರುಗಳಲ್ಲಿ ಇರುವಂಥದ್ದೇ, 12 ವೋಲ್ಟಿನದು. ಬಾಗಿಲಿನ ಲಾಕ್, ಲೈಟು, ಕಂಪ್ಯೂಟರ್ ಎಲ್ಲಕ್ಕೂ ಕರೆಂಟ್ ಕೊಡುವುದು ಈ ಸಣ್ಣದು. ದೊಡ್ಡ ಬ್ಯಾಟರಿಯನ್ನು ಕಾರಿಗೆ ಸೇರಿಸುವ ಕಾಂಟ್ಯಾಕ್ಟರ್ ಅನ್ನೋ ಸ್ವಿಚ್ಚನ್ನು ಎಳೆದು ಹಿಡಿಯುವುದೂ ಇದೇ. ಸಣ್ಣದು ಮಲಗಿದರೆ ಆ ಸ್ವಿಚ್ ಆನ್ ಆಗುವುದಿಲ್ಲ. ಚಾರ್ಜರ್ ಗನ್ ಹಾಕಿದರೂ ಅದರ ಜೊತೆ ಮಾತಾಡಬೇಕಾದ ಕಂಪ್ಯೂಟರ್ ಒಳಗೆ ಎದ್ದಿರುವುದಿಲ್ಲ.

ರಿಮೋಟ್ ಒಳಗೆ ಒಂದು ಲೋಹದ ಕೀ ಇರುತ್ತದೆ. ಹಿಡಿಕೆಯ ಪಕ್ಕದ ಮುಚ್ಚಳ ಕಿತ್ತು, ಆ ಕೀಯಿಂದ ಬಾಗಿಲು ತೆಗೆದೆ. ಬಾನೆಟ್ ತಂತಿಯಿಂದ ಎಳೆಯುವಂಥದ್ದು, ತೆರೆಯಿತು. ಬೇರೆ ಕಾರಿನ ಬ್ಯಾಟರಿಯಿಂದ ಕರೆಂಟ್ ತರುವ ಜಂಪರ್ ಕೇಬಲ್ ತಗೊಳ್ಳೋಣ ಅಂತ ಡಿಕ್ಕಿಗೆ ಹೋದೆ. ಡಿಕ್ಕಿಯ ಲಾಕು ಕರೆಂಟಿನದು! ಕರೆಂಟ್ ಬರಬೇಕಾದರೆ ಕೇಬಲ್ ಬೇಕು, ಕೇಬಲ್ ಬೇಕಾದರೆ ಕರೆಂಟ್ ಬೇಕು. ಕೊನೆಗೆ ಹಿಂದಿನ ಸೀಟು ಮಡಿಸಿ, ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಹೊಟ್ಟೆ ಮೇಲೆ ತೆವಳಿ ಡಿಕ್ಕಿಗೆ ಇಳಿದೆ. ಐವತ್ತು ದಾಟಿದವನಿಗೆ ಇದೆಲ್ಲ ಶೋಭೆಯಲ್ಲ. ವಾಚ್‌ಮನ್ ಮಾತ್ರ ಖುಷಿಯಾಗಿ ನೋಡುತ್ತಿದ್ದ.

ಪಕ್ಕದ ಮನೆಯವರು ತಮ್ಮ ಪೆಟ್ರೋಲ್ ಕಾರು ತಂದು ನಿಲ್ಲಿಸಿದರು. ಕೆಂಪು ಕೇಬಲ್ ಪ್ಲಸ್‌ಗೆ, ಆ ಕಡೆ ಈ ಕಡೆ. ಕಪ್ಪಿನ ಒಂದು ತುದಿ ಅವರ ಕಾರಿನ ಮೈನಸ್‌ಗೆ, ಇನ್ನೊಂದು ನನ್ನ ಕಾರಿನ ಬಣ್ಣವಿಲ್ಲದ ಲೋಹದ ಬೋಲ್ಟಿಗೆ. ಪ್ಲಸ್ ಮೈನಸ್ ಅದಲುಬದಲಾದರೆ ಸಾವಿರಾರು ರೂಪಾಯಿ ಎಲೆಕ್ಟ್ರಾನಿಕ್ಸ್ ಸುಟ್ಟು ಹೋಗುತ್ತದೆ. ಅದಕ್ಕೇ ಎರಡು ಸಲ ನೋಡಿದೆ. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳ ಹತ್ತಿರ ಕೈ ಹಾಕಲೇ ಇಲ್ಲ, ಅದು ದೊಡ್ಡ ಬ್ಯಾಟರಿಯ ಲೈನು. ಬ್ರೇಕ್ ತುಳಿದು ಬಟನ್ ಒತ್ತಿದೆ. ಕೆಳಗಿನಿಂದ 'ಟಕ್' ಅಂತ ಸದ್ದು. ಕಾಂಟ್ಯಾಕ್ಟರ್ ಆನ್ ಆಯಿತು. ಪರದೆ ಮೇಲೆ 'ರೆಡಿ' ಅಂತ ಬಂತು, ಅಂದರೆ ಕಾರು ಹೊರಡಲು ಸಿದ್ಧ.

ಇದಕ್ಕೆ ಅವರ ಎಂಜಿನ್ ಆನ್ ಮಾಡುವ ಅಗತ್ಯವೂ ಬೀಳಲಿಲ್ಲ. ನಮ್ಮ ಕಾರಿನಲ್ಲಿ ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್ ಇಲ್ವಲ್ಲ, ಕಂಪ್ಯೂಟರ್ ಎಬ್ಬಿಸುವಷ್ಟು ಕರೆಂಟ್ ಸಾಕು. ಆದರೆ ಉಪಕಾರಕ್ಕೆ ಪ್ರತ್ಯುಪಕಾರ ಮಾಡಲು ಹೋಗಬೇಡಿ. ಪೆಟ್ರೋಲ್ ಕಾರಿನ ಸ್ಟಾರ್ಟರ್ ನೂರಾರು ಆಂಪಿಯರ್ ಎಳೆಯುತ್ತದೆ. ನಮ್ಮ ಸಣ್ಣ ಬ್ಯಾಟರಿ ಅದಕ್ಕೆ ಮಾಡಿದ್ದಲ್ಲ. ನನ್ನ ಕಾರಿನ ಕೈಪಿಡಿಯಲ್ಲೂ ಬೇಡ ಅಂತಲೇ ಬರೆದಿದೆ.

ಒಂದು ಗಂಟೆ ರೆಡಿಯಲ್ಲೇ ಬಿಟ್ಟೆ. ದೊಡ್ಡ ಬ್ಯಾಟರಿ ಸಣ್ಣದಕ್ಕೆ ಉಣಿಸುತ್ತಿತ್ತು. ತಪ್ಪು ಯಾರದು ಅಂದರೆ ನನ್ನದೇ. ಕಾರು ನಿಂತಿರುವಾಗಲೂ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್ ಹಾಕಿಸಿದ್ದೆ, ಅದು ಹನ್ನೆರಡು ದಿನ ಬೇಸ್‌ಮೆಂಟಿನ ಗೋಡೆಯನ್ನೇ ನೋಡುತ್ತಾ ಬ್ಯಾಟರಿ ಹೀರಿತ್ತು. ಬ್ಯಾಟರಿಗೂ ಮೂರು ವರ್ಷ ವಯಸ್ಸಾಗಿತ್ತು. ಪೆಟ್ರೋಲ್ ಕಾರಿನಲ್ಲಾದರೆ ಬ್ಯಾಟರಿ ಸೋಲುವ ಮೊದಲು ಬೆಳಿಗ್ಗೆ ಹೊತ್ತು 'ಗುರ್ ಗುರ್' ಅಂತ ಎಳೆದಾಡಿ ಸೂಚನೆ ಕೊಡುತ್ತದೆ. ಇಲ್ಲಿ ಆ ಸದ್ದೇ ಇಲ್ಲ. ನಿನ್ನೆ ಚೆನ್ನಾಗಿತ್ತು, ಇವತ್ತು ಇಲ್ಲ, ಅಷ್ಟೆ.

ಈಗ ಗ್ಲೋವ್ ಬಾಕ್ಸಿನಲ್ಲಿ ವೋಲ್ಟೇಜ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ಇದೆ. ತಿಂಗಳಿಗೊಮ್ಮೆ, ಕಾರು ರಾತ್ರಿಯಿಡೀ ನಿಂತ ಮೇಲೆ ಸಣ್ಣ ಬ್ಯಾಟರಿಯನ್ನು ಅಳೆಯುತ್ತೇನೆ. 12.6 ವೋಲ್ಟ್ ಹತ್ತಿರ ಇದ್ದರೆ ಸರಿ. 12.2ಕ್ಕೆ ಬಂದಿದ್ದರೆ ಅರ್ಧ ಖಾಲಿ ಅಂತ ಲೆಕ್ಕ. ಕಾರು ರೆಡಿಯಲ್ಲಿರುವಾಗ 13.5ರಿಂದ 14.5ರ ಒಳಗೆ ಬರಬೇಕು, ಬರದಿದ್ದರೆ ದೊಡ್ಡ ಬ್ಯಾಟರಿಯ ಕರೆಂಟನ್ನು ಸಣ್ಣದಕ್ಕೆ ಇಳಿಸಿಕೊಡುವ ಕನ್ವರ್ಟರ್ ನೋಡಿಸಬೇಕು. ಬೇರೆ ಕಾರಿಲ್ಲದೆಯೇ ಸಣ್ಣ ಬ್ಯಾಟರಿ ಎಬ್ಬಿಸುವ, ಪವರ್ ಬ್ಯಾಂಕಿನಂಥ ಒಂದು ಲಿಥಿಯಂ ಜಂಪ್ ಸ್ಟಾರ್ಟರ್ ಕೂಡ ತಗೊಂಡೆ. ಅದು ಡಿಕ್ಕಿಯಲ್ಲಿ ಇಲ್ಲ, ಮುಂದಿನ ಸೀಟಿನ ಕೆಳಗಿದೆ! ಬಿಸಿಲಲ್ಲಿ ನಿಲ್ಲಿಸುವ ದಿನ ಕೈಯಲ್ಲಿ ತಗೊಂಡು ಹೋಗುತ್ತೇನೆ, ಕಾದ ಕಾರಿನಲ್ಲಿ ಅದನ್ನು ಬಿಡುವುದು ಒಳ್ಳೆಯದಲ್ಲ.

ಇನ್ನು ಎಲ್ಲರೂ ಹೆದರಿಸುವ ಆ ಇನ್ನೊಂದು, ದಾರೀಲಿ ದೊಡ್ಡ ಬ್ಯಾಟರಿ ಖಾಲಿಯಾಗುವುದೂ ನನಗೆ ಹೆಚ್ಚುಕಡಿಮೆ ಆಯಿತು. ಮಾರ್ಚ್ ತಿಂಗಳು. ಕರಾವಳಿಯಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರಕ್ಕೆ ಬರುತ್ತಿದ್ದೆವು. ಉಪ್ಪಿನಂಗಡಿ ಬಿಡುವಾಗ ಶೇ 48 ಇತ್ತು. ಘಾಟಿ ಹತ್ತುವ ಮೊದಲು ಚಾರ್ಜ್ ಮಾಡೋಣ ಅಂತ ಆ್ಯಪ್‌ನಲ್ಲಿ ಒಂದು ಜಾಗ ನೋಡಿಟ್ಟಿದ್ದೆ. ಹೋಗಿ ನೋಡಿದರೆ ಪರದೆ ಉರಿಯುತ್ತಿದೆ, ಗನ್ ಹಾಕಿದರೆ ಕರೆಂಟ್ ಇಲ್ಲ. ಆ್ಯಪ್ ಮಾತ್ರ ಖಾಲಿ ಇದೆ ಬನ್ನಿ ಅಂತಲೇ ಹೇಳುತ್ತಿತ್ತು. ಘಾಟಿಯ ಬುಡದ ಗುಂಡ್ಯದಲ್ಲಿ ಶೇ 31.

ಹೆಂಡತಿ "ವಾಪಸ್ ಹೋಗೋಣ ರೀ" ಅಂದಳು. ನಾನು ಕಿಲೋಮೀಟರ್ ಲೆಕ್ಕ ಹಾಕಿ "ಸಾಕಾಗುತ್ತೆ" ಅಂದೆ. ತಪ್ಪಾಗಿದ್ದು ಅಲ್ಲಿ. ಸಮತಟ್ಟಾದ ರಸ್ತೆಯಲ್ಲಿ ನನ್ನ ಕಾರು ಒಂದು ಯೂನಿಟ್‌ಗೆ ಆರೇಳು ಕಿಲೋಮೀಟರ್ ಹೋಗುತ್ತದೆ. ಆದರೆ ಗುಂಡ್ಯದಿಂದ ಸಕಲೇಶಪುರಕ್ಕೆ ಬರುವಾಗ ಸುಮಾರು 800 ಮೀಟರ್ ಮೇಲೇರುತ್ತೇವೆ. ಒಂದೂವರೆ ಟನ್ ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲಿಕ್ಕೇ ಮೂರು ಯೂನಿಟ್ ಮೇಲೆ ಬೇಕು. ಅಂದರೆ ಇಪ್ಪತ್ತು ಕಿಲೋಮೀಟರ್ ದಾರಿ ಸುಮ್ನೆ ಮಾಯ. ಇಳಿಯುವಾಗ ಮೋಟಾರೇ ಕರೆಂಟ್ ಹುಟ್ಟಿಸುವ ರೀಜೆನ್‌ನಲ್ಲಿ ಸುಮಾರು ವಾಪಸ್ ಬರುತ್ತದೆ, ಹತ್ತುವಾಗ ಯಾರೂ ಕೊಡುವುದಿಲ್ಲ. ಎಸಿ ಆರಿಸಿ, ಲಾರಿಗಳ ಹಿಂದೆ ನಿಧಾನಕ್ಕೆ ಬಂದೆ. ಮಾರನಹಳ್ಳಿ ದಾಟಿದಾಗ ಶೇ 7. ಕಾರು ಆಗಲೇ ಪವರ್ ಕಡಿಮೆ ಮಾಡಿತ್ತು.

ರಸ್ತೆ ಪಕ್ಕ ಕಾಫಿ ಕಣ ಇರುವ ಒಂದು ಮನೆ ಕಂಡಿತು. ಒಳಗೆ ತಿರುಗಿಸಿದೆ. ಗೌಡ್ರು ಹೊರಗೆ ಬಂದರು. "ಹದಿನೈದು ಆಂಪಿಯರ್ ಪ್ಲಗ್ ಇದ್ಯಾ ಸಾರ್?" ಅಂತ ಕೇಳಿದೆ. "ಮೊದ್ಲು ಒಂದ್ ಲೋಟ ಕಾಫಿ ಕುಡೀರಿ" ಅಂದರು.

ಜಗಲಿಯ ಪ್ಲಗ್ಗಿಗೆ ಕಾರಿನ ಪೋರ್ಟಬಲ್ ಚಾರ್ಜರ್ ಹಾಕಿದೆ. ಕೆಂಪು ಲೈಟು. ಅರ್ತಿಂಗ್ ಇಲ್ಲ. ಇಂಥ ಜಾಗದಲ್ಲಿ ಅರ್ತಿಂಗ್ ಇದೆ ಅಂತ ಚಾರ್ಜರಿಗೆ ಸುಳ್ಳು ಹೇಳುವ ಪ್ಲಗ್ಗು ಕೆಲವರ ಹತ್ತಿರ ಇರುತ್ತದೆ. ನಾನು ಇಟ್ಟುಕೊಳ್ಳುವುದಿಲ್ಲ. ಲೀಕ್ ಆದರೆ ಕಾರಿನ ಮೈಯೇ ಶಾಕ್ ಹೊಡೆಯುತ್ತದೆ, ಮುಟ್ಟುವವರು ಬೇರೆಯವರ ಮನೆಯ ಮಕ್ಕಳು. ಗೌಡ್ರು ತಲೆ ಕೆರೆದುಕೊಂಡು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಮೆಷಿನ್ ಶೆಡ್ಡಿಗೆ ಕರೆದುಕೊಂಡು ಹೋದರು. ಅಲ್ಲಿ ಅರ್ತಿಂಗ್ ಗುಂಡಿ ಇತ್ತು. ಅಲ್ಲೂ ಕೆಂಪು. ಹೂಮಳೆ ಇನ್ನೂ ಬಂದಿರಲಿಲ್ಲ, ಮಣ್ಣು ಬಿರುಕು ಬಿಟ್ಟಿತ್ತು. ಅಷ್ಟು ಒಣಗಿದ ಮಣ್ಣಿನಲ್ಲಿ ಅರ್ತಿಂಗ್ ಹಿಡಿಯುವುದಿಲ್ಲ. ಗೌಡ್ರು ಏನೂ ಮಾತಾಡದೆ ಒಂದು ಕೊಡ ನೀರು ತಂದು ಗುಂಡಿಯ ಪೈಪಿಗೆ ಸುರಿದರು. ಇನ್ನೊಂದು ಕೊಡ. ಐದು ನಿಮಿಷ ಬಿಟ್ಟು ಹಾಕಿದರೆ ಹಸಿರು!

ಪ್ಲಗ್ಗಿನಿಂದ ಕಾರಿಗೆ ಹತ್ತು ಮೀಟರ್ ದೂರ. ನನ್ನ ಹತ್ತಿರ 4 ಸ್ಕ್ವೇರ್ ಎಂಎಂ ದಪ್ಪದ ತಾಮ್ರದ ತಂತಿಯ ಎಕ್ಸ್‌ಟೆನ್ಷನ್ ಇತ್ತು, ಎಲೆಕ್ಟ್ರಿಷಿಯನ್ ಹತ್ತಿರ ಹೇಳಿ ಮಾಡಿಸಿದ್ದು. ಅಂಗಡಿಯಲ್ಲಿ ಸಿಗುವ, ಟಿವಿ, ಮಿಕ್ಸಿಗೆ ಹಾಕುವ ಎಕ್ಸ್‌ಟೆನ್ಷನ್ ಗಂಟೆಗಟ್ಟಲೆ ಈ ಕರೆಂಟ್ ತಡೆಯುವುದಿಲ್ಲ. ಸುರುಳಿ ಪೂರ್ತಿ ಬಿಚ್ಚಿ ಹಾಸಿದೆ, ಸುತ್ತಿದ ಹಾಗೇ ಬಿಟ್ಟರೆ ಬಿಸಿಯಾಗುತ್ತದೆ. ಅರ್ಧ ಗಂಟೆಗೊಮ್ಮೆ ಪ್ಲಗ್ ಮುಟ್ಟಿ ನೋಡಿದೆ. ವೋಲ್ಟೇಜ್ 190ರ ಹತ್ತಿರ ಇತ್ತು, ನಿಧಾನ ಅಂದರೆ ನಿಧಾನ. ಎರಡು ಗಂಟೆಯಲ್ಲಿ ಶೇ 22 ಆಯಿತು. ಸುಮಾರು ಐದು ಯೂನಿಟ್. ನೂರು ರೂಪಾಯಿ ಕೊಡಲು ಹೋದರೆ ಗೌಡ್ರು ಮುಖ ಗಂಟು ಹಾಕಿದರು. ಬರುವಾಗ ಅವರಿಂದಲೇ ಎರಡು ಕೆಜಿ ಕಾಫಿ ಪುಡಿ, ಒಂದು ಕೆಜಿ ಕಾಳುಮೆಣಸು ಕೊಂಡೆವು. ನೋಡಿದರೆ ನನ್ನ ಜೀವನದ ದುಬಾರಿ ಚಾರ್ಜಿಂಗ್ ಅದೇ.

ಆಮೇಲಿಂದ ಘಾಟಿ ದಾರಿಗೆ ನನ್ನ ಲೆಕ್ಕ ಬೇರೆ. ಪ್ರತಿ 100 ಮೀಟರ್ ಏರಿಗೆ ಅರ್ಧ ಯೂನಿಟ್ ಪಕ್ಕಕ್ಕೆ ಇಡುತ್ತೇನೆ. ಒಂದೇ ಚಾರ್ಜರ್ ನಂಬಿ ಹೋಗುವುದಿಲ್ಲ. ಅದು ಕೆಟ್ಟಿದ್ದರೆ ಇನ್ನೊಂದಕ್ಕೆ ಮುಟ್ಟುವಷ್ಟು ಉಳಿದಿರಬೇಕು. ಹೊರಡುವ ಮುಂಚೆ ಅಲ್ಲಿಗೇ ಫೋನ್ ಮಾಡಿ, "ಇವತ್ತು ಯಾವುದಾದ್ರೂ ಗಾಡಿ ಚಾರ್ಜ್ ಆಯ್ತಾ?" ಅಂತ ಕೇಳುತ್ತೇನೆ. ಚಾರ್ಜರ್ ಸರಿ ಇದೆಯಾ ಅಂತ ಕೇಳಿದರೆ ಎಲ್ಲರೂ ಹೌದು ಅಂತಾರೆ.

ಟೋ ಮಾಡಿಸುವ ಪ್ರಸಂಗ ಇನ್ನೂ ಬಂದಿಲ್ಲ. ಆದರೂ ವಿಮೆಯ ರೋಡ್‌ಸೈಡ್ ನಂಬರಿಗೆ ಒಮ್ಮೆ ಸುಮ್ಮನೆ ಫೋನ್ ಮಾಡಿ, ಚಾರ್ಜ್ ಖಾಲಿಯಾದರೂ ಬರ್ತೀರಾ ಅಂತ ವಿಚಾರಿಸಿ ಇಟ್ಟುಕೊಂಡಿದ್ದೇನೆ. ನಾಲ್ಕೂ ಚಕ್ರ ಮೇಲೇರಿಸುವ ಫ್ಲಾಟ್‌ಬೆಡ್ ಲಾರಿಯೇ ಬೇಕು ಅಂತಲೂ ಹೇಳಿದ್ದೇನೆ. ಮೋಟಾರಿಗೆ ಸೇರಿದ ಚಕ್ರ ನೆಲದ ಮೇಲೆ ಉರುಳುತ್ತಾ ಹೋದರೆ ಮೋಟಾರೇ ಕರೆಂಟ್ ಹುಟ್ಟಿಸಿ ಕೆಡಬಹುದು. ಸಣ್ಣ ಬ್ಯಾಟರಿ ಸತ್ತಿದ್ದರೆ ಲಾರಿ ಬಂದರೂ ಕರೆಂಟಿನ ಪಾರ್ಕಿಂಗ್ ಬ್ರೇಕ್ ಬಿಡುವುದಿಲ್ಲ. ಆಗಲೂ ಮೊದಲು ಬೇಕಾಗುವುದು ಸೀಟಿನ ಕೆಳಗಿನ ಆ ಜಂಪ್ ಸ್ಟಾರ್ಟರ್ರೇ. ಕಾರನ್ನು ಎಳೆಯಲು ಸಿಕ್ಕಿಸುವ ಕೊಕ್ಕೆಯನ್ನು ಕಂಪನಿಯವರು ಎಲ್ಲಿಟ್ಟಿದ್ದರು ಗೊತ್ತಾ? ಡಿಕ್ಕಿಯಲ್ಲಿ. ಅದನ್ನೂ ಈಗ ಮುಂದೆ ತಂದಿಟ್ಟಿದ್ದೇನೆ.