ಒಂದು ಪಾರ್ಸೆಲ್ಲಿನ ಲೆಕ್ಕ

2021ರಲ್ಲಿ ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯಿಂದ ಆನ್‌ಲೈನ್‌ನಲ್ಲಿ ಹುಳಿಪುಡಿ ಮಾರುವುದಕ್ಕೆ ಶುರು ಮಾಡಿದೆ. ಪುಡಿ ನಮ್ಮ ಅತ್ತೆಯ ಕೈಯದು. ಮೊದಲ ತಿಂಗಳು 41 ಪಾರ್ಸೆಲ್ ಹೋಯಿತು. ಒಂದಕ್ಕೆ 180 ರೂಪಾಯಿಯಂತೆ ಒಟ್ಟು 7,380. ಮನೆಯಲ್ಲಿ ಎಲ್ಲರಿಗೂ ಖುಷಿಯೋ ಖುಷಿ. ತಿಂಗಳ ಕೊನೆಯ ಭಾನುವಾರ ಚೀಟಿಗಳನ್ನೆಲ್ಲ ಹರಡಿಕೊಂಡು ಕೂತೆ. ಕೂಡಿ ಕಳೆದು ನೋಡಿದರೆ ಲಾಭ ಇರಲಿ, ಕೈಯಿಂದಲೇ 370 ರೂಪಾಯಿ ಹೋಗಿತ್ತು.

ಆ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಹೊಸದಾಗಿ ಶುರು ಮಾಡುವವರಿಗೆ ನನ್ನ ಹತ್ತಿರ ಹೇಳುವುದಕ್ಕೆ ಇದಕ್ಕಿಂತ ಮುಖ್ಯವಾದ ಮಾತು ಇಲ್ಲ.

ಕಾಲು ಕೆ.ಜಿ. ಪುಡಿಗೆ ಧನಿಯಾ, ಬ್ಯಾಡಗಿ ಮೆಣಸಿನಕಾಯಿ, ಬೇಳೆ, ಇಂಗು ಎಲ್ಲ ಸೇರಿ 72 ರೂಪಾಯಿ. ಮಿಲ್ಲಿಗೆ 6. ಪೌಚು, ಲೇಬಲ್ಲಿಗೆ 11. ಡಬ್ಬ, ಟೇಪಿಗೆ 13. ಕೊರಿಯರ್‌ಗೆ 58. ಒಟ್ಟು 160. ಉಳಿಯುವುದು ಬರೀ 20 ರೂಪಾಯಿ. ಅದರಲ್ಲಿ ಗ್ಯಾಸ್ ಇಲ್ಲ, ನಮ್ಮಿಬ್ಬರ ದುಡಿಮೆಯೂ ಇಲ್ಲ. ಆಮೇಲೆ 41ರಲ್ಲಿ 5 ಪಾರ್ಸೆಲ್ ವಾಪಸ್ ಬಂದವು. ಐದೂ ಕ್ಯಾಶ್ ಆನ್ ಡೆಲಿವರಿ. ಒಬ್ಬರ ಮನೆಗೆ ಬೀಗ, ಒಬ್ಬರು ಫೋನ್ ಎತ್ತಲಿಲ್ಲ, ಉಳಿದವರು ಬೇಡ ಅಂದರಂತೆ. ಹೋಗುವ ಕೊರಿಯರ್ ದುಡ್ಡು ನಮ್ಮದು, ಬರುವ ದುಡ್ಡೂ ನಮ್ಮದು. ವಾಪಸ್ ಬಂದ ಪುಡಿಯನ್ನು ಇನ್ನೊಬ್ಬರಿಗೆ ಕಳಿಸಬಾರದು ಅಂತ ಅತ್ತೆ ಮೊದಲೇ ಹೇಳಿದ್ದರು. "ನಾವು ತಿನ್ನದೇ ಇರೋದನ್ನ ಬೇರೆಯವರಿಗೆ ಕೊಡಬಾರದು ಕಣಮ್ಮ" ಅಂದರು. ಆ ಐದೂ ಚೀಲ ನಮ್ಮ ಅಡುಗೆಮನೆಗೇ ಬಂದವು.

ಬೆಲೆ ಜಾಸ್ತಿ ಮಾಡು ಅಂತ ಎಲ್ಲರೂ ಹೇಳಿದರು. ನಾನು ತಕ್ಕಡಿ ತಂದೆ.

ಕೊರಿಯರ್‌ನವರು ಸಾಮಾನ್ಯವಾಗಿ ಅರ್ಧ ಅರ್ಧ ಕೆ.ಜಿ.ಯ ಹಂತದಲ್ಲಿ ದರ ಹಾಕುತ್ತಾರೆ. 320 ಗ್ರಾಂ ಇದ್ದರೂ ಅರ್ಧ ಕೆ.ಜಿ.ಯ ದುಡ್ಡು, 490 ಇದ್ದರೂ ಅದೇ ದುಡ್ಡು. 510 ಆದರೆ ಒಂದು ಕೆ.ಜಿ.ಯ ದುಡ್ಡು. ನನ್ನ ಕಾಲು ಕೆ.ಜಿ.ಯ ಪೌಚು ಡಬ್ಬದ ಸಮೇತ 320 ಗ್ರಾಂ ಬರುತ್ತಿತ್ತು. ಎರಡು ಹಾಕಿದರೆ 590. ಒಂದು ಹಾಕಿದರೆ ಜಾಗ ದಂಡ, ಎರಡು ಹಾಕಿದರೆ ದರ ಮೇಲಕ್ಕೆ. ಹಾಗಾಗಿ ಪೌಚನ್ನು 200 ಗ್ರಾಂಗೆ ಇಳಿಸಿದೆ. ಬೆಲೆ 150. ಎರಡು ಪೌಚು, ಒಂದು ಹುಳಿಪುಡಿ ಒಂದು ಸಾರಿನಪುಡಿ, ಒಟ್ಟು 490 ಗ್ರಾಂ. ಬಿಡಿಬಿಡಿಯಾಗಿ ಕೊಡುವುದನ್ನು ನಿಲ್ಲಿಸಿದೆ. ಜೋಡಿಗೆ 300 ರೂಪಾಯಿ, ಖರ್ಚು 219. ಕೈಗೆ 81 ಉಳಿಯಿತು. ಅದೇ ಕೊರಿಯರ್, ಅದೇ 58 ರೂಪಾಯಿ. ಆ ದಿನ ನನಗೆ ಈ ವ್ಯಾಪಾರ ನಡೆಯುತ್ತದೆ ಅಂತ ಮೊದಲ ಸಲ ಧೈರ್ಯ ಬಂತು.

ಆದರೂ ಆ ವರ್ಷ ದೀಪಾವಳಿಗೆ ಮತ್ತೆ ಎಡವಿದೆ. ಉಡುಗೊರೆ ಥರ ಚೆಂದ ಕಾಣಲಿ ಅಂತ ಸುಲ್ತಾನ್‌ಪೇಟೆಯಿಂದ ದೊಡ್ಡ ಡಬ್ಬ ತಂದೆ. 25 ಸೆಂ.ಮೀ. ಉದ್ದ, 20 ಅಗಲ, 10 ಎತ್ತರ. ಒಳಗಿನ ತೂಕ ಅರ್ಧ ಕೆ.ಜಿ. ದಾಟಿರಲಿಲ್ಲ, ಬಿಲ್ ಮಾತ್ರ ಒಂದು ಕೆ.ಜಿ.ಗೆ ಬಂತು. ಉದ್ದ, ಅಗಲ, ಎತ್ತರ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಆ ಸಂಖ್ಯೆ, ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ನನ್ನ ಡಬ್ಬಕ್ಕೆ ಸರಿಯಾಗಿ ಒಂದು ಕೆ.ಜಿ. ಬಂತು. ಈಗ 20, 12, 8ರ ಡಬ್ಬ ಬಳಸುತ್ತೇನೆ. ಡಬ್ಬ ಕೊಳ್ಳುವ ಮೊದಲು ಅಳತೆ ಪಟ್ಟಿ ಹಿಡಿದು ಈ ಭಾಗಾಕಾರ ಮಾಡಿ ನೋಡಿ.

ಕ್ಯಾಶ್ ಆನ್ ಡೆಲಿವರಿಯನ್ನು ಹೊಸ ಗಿರಾಕಿಗಳಿಗೆ ನಿಲ್ಲಿಸಿದೆ. ಆರ್ಡರ್ ಅರ್ಧಕ್ಕರ್ಧ ಇಳಿಯಿತು. ಎರಡು ತಿಂಗಳು ನಿದ್ದೆ ಸರಿ ಬರಲಿಲ್ಲ. ಆದರೆ ಉಳಿದ ಆರ್ಡರ್‌ಗಳು ಗಟ್ಟಿ ಇದ್ದವು, ವಾಪಸ್ ಬರುವುದು ಹೆಚ್ಚುಕಮ್ಮಿ ನಿಂತೇ ಹೋಯಿತು. ಮೊದಲೇ ದುಡ್ಡು ಹಾಕಲು ಹಿಂಜರಿಯುವವರಿಗೆ ನಾನೇ ಫೋನ್ ಮಾಡುತ್ತೇನೆ. ಎರಡು ನಿಮಿಷ ಮಾತಾಡಿದರೆ ನಂಬಿಕೆ ಬರುತ್ತದೆ. ವಿಳಾಸವೂ ಸರಿಯಾಗುತ್ತದೆ. "ಬಸ್ ಸ್ಟ್ಯಾಂಡ್ ಹಿಂದೆ" ಅಂತ ಮಾತ್ರ ಬರೆದ ವಿಳಾಸಗಳು ಎಷ್ಟು ಬರುತ್ತವೆ ಗೊತ್ತಾ!

ಸಾಮಾನಿನ ವಿಷಯ. ಶುರುವಿನಲ್ಲಿ ಹನ್ನೊಂದು ಬಗೆ ಇಟ್ಟಿದ್ದೆ. ಅದರಲ್ಲಿ ಕೊಬ್ಬರಿ ಚಟ್ನಿಪುಡಿಯೂ ಒಂದು. ಮೇ ತಿಂಗಳ ಬಿಸಿಲಿಗೆ ಕೊಬ್ಬರಿ ಎಣ್ಣೆ ಬಿಟ್ಟು ಕಾಗದದ ಪೌಚು ಒದ್ದೆಯಾಯಿತು. ಬಳ್ಳಾರಿಯ ಒಬ್ಬರು ಫೋಟೋ ಕಳಿಸಿ, "ಎಣ್ಣೆ ವಾಸನೆ ಬರ್ತಿದೆ, ಮನೇಲಿ ಯಾರೂ ಮುಟ್ಟಲಿಲ್ಲ" ಅಂತ ಬರೆದರು. ಅದೇ ದಿನ ದುಡ್ಡು ವಾಪಸ್ ಹಾಕಿದೆ. ಈಗ ಒಳಗೆ ಫಾಯಿಲ್ ಇರುವ ಪೌಚು ಬಳಸುತ್ತೇನೆ. ಕೊಬ್ಬರಿ ಇರುವುದನ್ನು ವಾರಕ್ಕೆ ಬೇಕಾದಷ್ಟೇ ಮಾಡಿ ಬೆಂಗಳೂರಿನೊಳಗೆ ಮಾತ್ರ ಕೊಡುತ್ತೇನೆ. ಇನ್ನೊಂದು ವಿಷಯ, ಮಿಲ್ಲಿನಿಂದ ಬಂದ ಪುಡಿ ಬಿಸಿ ಇರುತ್ತದೆ. ಹಾಗೇ ತುಂಬಿ ಸೀಲ್ ಮಾಡಿದರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ. ಪೂರ್ತಿ ಹರವಿ ಆರಿಸಬೇಕು. ಈ ಅವಸರವೊಂದನ್ನು ದಯವಿಟ್ಟು ಮಾಡಬೇಡಿ.

ಕಾಗದಪತ್ರಕ್ಕೆ ಹೆದರಬೇಡಿ, ಆದರೆ ಮುಂದೂಡಲೂ ಬೇಡಿ. ಮನೆಯಲ್ಲಿ ಮಾಡಿದ ತಿನಿಸಿಗೂ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕೇ ಬೇಕು. ನಾನು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಆ ನೋಂದಣಿಯ 14 ಅಂಕಿಯ ನಂಬರು, ಹಸಿರು ಚುಕ್ಕೆ, ಏನೇನು ಹಾಕಿದ್ದೀರಿ, ತೂಕ, ಎಂಆರ್‌ಪಿ, ತಯಾರಾದ ದಿನ, ಎಲ್ಲಿಯವರೆಗೆ ಬಳಸಬಹುದು, ವಿಳಾಸ, ಎಲ್ಲ ಲೇಬಲ್ಲಿನ ಮೇಲೆ ಇರಬೇಕು. ಫೋನ್ ನಂಬರನ್ನೂ ಹಾಕಬೇಕು, ಅದಕ್ಕೆ ಬೇರೆ ಸಿಮ್ ತೆಗೆದುಕೊಳ್ಳಿ. ನಾನು ಮನೆಯ ನಂಬರ್ ಹಾಕಿ ರಾತ್ರಿ ಹನ್ನೊಂದಕ್ಕೆಲ್ಲ ಎದ್ದು ಮಾತಾಡಿದ್ದೇನೆ.

ಜಿಎಸ್‌ಟಿ ವಿಷಯದಲ್ಲಿ ನನಗೆ ತಪ್ಪು ತಿಳಿವಳಿಕೆ ಇತ್ತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟುವವರೆಗೆ ನಂಬರ್ ಬೇಡ ಅಂದುಕೊಂಡಿದ್ದೆ. ಪುಣೆಯಿಂದ, ಹೈದರಾಬಾದಿನಿಂದ ಆರ್ಡರ್ ಬಂದಾಗ ಗಾಂಧಿಬಜಾರಿನ ಆಡಿಟರ್ ತಡೆದರು. "ಮೇಡಂ, ಒಂದೇ ಒಂದು ಪೊಟ್ಟಣ ಆದ್ರೂ ಸರಿ, ರಾಜ್ಯದ ಹೊರಗೆ ಮಾರೋಕೆ ನಂಬರ್ ಬೇಕು" ಅಂದರು. ಪುಣ್ಯಕ್ಕೆ ಅದುವರೆಗೆ ಹೊರಗೆ ಕಳಿಸಿರಲಿಲ್ಲ. ಆಗೆಲ್ಲ ದೊಡ್ಡ ಆ್ಯಪ್‌ಗಳಲ್ಲಿ ಮಾರುವುದಕ್ಕೂ ನಂಬರ್ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ನಮ್ಮ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ ವಿನಾಯಿತಿ ಸಿಕ್ಕಿದೆ, ಜಿಎಸ್‌ಟಿ ನಂಬರ್ ಬದಲು ಎನ್‌ರೋಲ್‌ಮೆಂಟ್ ನಂಬರ್ ಪಡೆದರೆ ಸಾಕು. ಆದರೆ ನಿಮ್ಮ ಪರಿಸ್ಥಿತಿಯನ್ನು ಒಬ್ಬ ಆಡಿಟರ್ ಹತ್ತಿರ ಹೇಳಿಯೇ ಮುಂದೆ ಹೋಗಿ.

2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ಅಂಗಡಿಯವರಿಗೆ ಯುಪಿಐ ಜಮೆಯ ಲೆಕ್ಕದ ಮೇಲೆ ಜಿಎಸ್‌ಟಿ ನೋಟಿಸ್ ಬಂದದ್ದು ನೆನಪಿದೆ ಅಲ್ವಾ? ಕೆಲವರು ಅಂಗಡಿ ಮುಂದೆ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸಿದರು. ನನಗೆ ಆಗ ನೆಮ್ಮದಿ ಇತ್ತು, ಯಾಕಂದರೆ ಎರಡನೇ ವರ್ಷವೇ ವ್ಯಾಪಾರಕ್ಕೆ ಬೇರೆ ಖಾತೆ ಮಾಡಿಸಿದ್ದೆ. ಅದಕ್ಕೂ ಮುಂಚೆ ತಮ್ಮ ಕಳಿಸಿದ ದುಡ್ಡು, ಚೀಟಿ ದುಡ್ಡು, ಹುಳಿಪುಡಿ ದುಡ್ಡು ಎಲ್ಲ ಒಂದರಲ್ಲೇ ಬರುತ್ತಿತ್ತು. ಅದನ್ನು ಬಿಡಿಸುವುದಕ್ಕೆ ಮೂರು ಭಾನುವಾರ ಬೇಕಾಯಿತು. ನೀವು ಮೊದಲ ದಿನವೇ ಬೇರೆ ಖಾತೆ ಮಾಡಿ.

ಜಾಹೀರಾತಿಗೆ ಒಮ್ಮೆ 3,000 ರೂಪಾಯಿ ಹಾಕಿದೆ. ಲೈಕ್ ಬಂತು, ಆರ್ಡರ್ ನಾಲ್ಕು ಬಂತು. ಅದರ ಬದಲು ಪ್ರತಿ ಡಬ್ಬದಲ್ಲಿ ಒಂದು ಚೀಟಿ ಇಡುವುದಕ್ಕೆ ಶುರು ಮಾಡಿದೆ. ನಾಲ್ಕು ಜನಕ್ಕೆ ಹುಳಿ ಮಾಡಲು ಎಷ್ಟು ಚಮಚ ಪುಡಿ, ಎಷ್ಟು ಹುಣಸೆಹಣ್ಣು ಅಂತ ಅತ್ತೆ ಹೇಳಿದ್ದನ್ನು ಬರೆದದ್ದು. ಪುಡಿ ಖಾಲಿಯಾದಾಗ ಜನ ಆ ಚೀಟಿಯ ಫೋಟೋ ಕಳಿಸಿ "ಇನ್ನೆರಡು ಕಳಿಸಿ" ಅನ್ನುತ್ತಾರೆ. ಈಗ ನನ್ನ ಆರ್ಡರ್‌ಗಳಲ್ಲಿ ಮುಕ್ಕಾಲು ಪಾಲು ಹಳಬರದ್ದೇ.

ಮೊನ್ನೆ ನಮ್ಮ ಪಕ್ಕದ ರಸ್ತೆಯ ಹುಡುಗಿಯೊಬ್ಬಳು ಬಂದಿದ್ದಳು. ಟೆರಾಕೋಟಾ ಓಲೆ ಮಾಡುತ್ತಾಳೆ, ತುಂಬಾ ಚೆನ್ನಾಗಿ ಮಾಡುತ್ತಾಳೆ. "ಆಂಟಿ, ಲೋಗೊ ನೋಡಿ" ಅಂತ ಫೋನ್ ತೋರಿಸಿದಳು. ಒಂದು ಜೊತೆ ಓಲೆಯನ್ನು ಇಬ್ಬರೂ ಸೇರಿ ಡಬ್ಬಕ್ಕೆ ಹಾಕಿ ತೂಗಿದೆವು. 140 ಗ್ರಾಂ. ಮಂಗಳೂರಿನಲ್ಲಿರುವ ಅವಳ ಚಿಕ್ಕಮ್ಮನಿಗೆ ಕಳಿಸಿದೆವು, ತೆರೆಯುವಾಗ ವಿಡಿಯೊ ಮಾಡಿ ಅಂತ ಹೇಳಿ. ಒಂದು ಓಲೆ ಮುರಿದಿತ್ತು. ಈ ವಾರ ಬಬಲ್ ಶೀಟ್ ಸುತ್ತಿ, ಎರಡು ಓಲೆಯ ನಡುವೆ ರಟ್ಟು ಇಟ್ಟು ಇನ್ನೊಂದು ಜೊತೆ ಕಳಿಸುತ್ತಿದ್ದೇವೆ.