ಎರಡು ಸಾಲಿನ ಪತ್ರ, 67 ಪಾಯಿಂಟ್, ಕೆನಡಾ: ನನ್ನ ಅನುಭವ

ಹಳೇ ಕಂಪನಿಯ ಎಚ್‌ಆರ್ ಕೊಟ್ಟ ಪತ್ರದಲ್ಲಿ ನನ್ನ ಐದು ವರ್ಷದ ದುಡಿಮೆ ಎರಡೇ ಸಾಲಿಗೆ ಮುಗಿದಿತ್ತು. ಇಂಥ ದಿನ ಸೇರಿದರು, ಇಂಥ ದಿನ ಬಿಟ್ಟರು, ಹುದ್ದೆ ಅಸಿಸ್ಟೆಂಟ್ ಮ್ಯಾನೇಜರ್. ಕೆಳಗೊಂದು ಸೀಲು. ಕೆನಡಾದ ಪಿಆರ್‌ಗೆ, ಅಂದರೆ ಅಲ್ಲಿ ಕಾಯಂ ನೆಲೆಸುವ ಅನುಮತಿಗೆ, ಅರ್ಜಿ ಹಾಕುವಾಗ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದು ಈ ಕಾಗದ. ಇಂಗ್ಲಿಷ್ ಪರೀಕ್ಷೆಗೆ ಎರಡನೇ ಸ್ಥಾನ.

ನಾನು ಮೆಕ್ಯಾನಿಕಲ್ ಎಂಜಿನಿಯರ್. 2023ರಲ್ಲಿ ಎಕ್ಸ್‌ಪ್ರೆಸ್ ಎಂಟ್ರಿ ಅನ್ನೋ ಕೆನಡಾ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಮೂಲಕ, ನುರಿತ ಕೆಲಸಗಾರರಿಗಿರುವ ಫೆಡರಲ್ ಸ್ಕಿಲ್ಡ್ ವರ್ಕರ್ ವಿಭಾಗದಲ್ಲಿ ಅರ್ಜಿ ಹಾಕಿದೆ. ಇಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ. ಒಂದು 100ಕ್ಕೆ. ಅದರಲ್ಲಿ 67 ಬಂದರೆ ನೀವು ಅರ್ಹರು, ಅಷ್ಟೇ. ಇನ್ನೊಂದು 1200ಕ್ಕೆ, ಅದನ್ನು ಸಿಆರ್‌ಎಸ್ ಅಂತಾರೆ. ಅರ್ಹರನ್ನೆಲ್ಲ ಸಾಲಾಗಿ ನಿಲ್ಲಿಸಿ ಮುಂದಿರುವವರನ್ನು ಪಿಆರ್‌ನ ಪೂರ್ತಿ ಅರ್ಜಿ ಸಲ್ಲಿಸಿ ಅಂತ ಕರೆಯುವುದು ಈ ಎರಡನೇ ಲೆಕ್ಕದ ಮೇಲೆ. 67 ದಾಟಿದ ದಿನ ನಾನು ಸ್ನೇಹಿತರಿಗೆಲ್ಲ ಫೋನ್ ಮಾಡಿ, ಆಗೇ ಹೋಯ್ತು ಅನ್ನೋ ಹಾಗೆ ಹೇಳಿಕೊಂಡಿದ್ದೆ. ಪೆದ್ದುತನ.

ಅದಕ್ಕೂ ಮೊದಲು 67ರ ಬಾಗಿಲಿಗೆ ಬರುವುದೇ ಕಷ್ಟವಾಗಿತ್ತು. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಮೊದಲ ಸಲ ಬರೆದಾಗ ಕೇಳುವುದರಲ್ಲಿ 7.5, ಓದಿನಲ್ಲಿ 7, ಮಾತಿನಲ್ಲಿ 6.5, ಬರವಣಿಗೆಯಲ್ಲಿ 5.5. ಒಟ್ಟು 6.5 ಅಂತ ನೋಡಿ ಖುಷಿಪಟ್ಟೆ. ಆದರೆ ಒಟ್ಟು ಬ್ಯಾಂಡ್ (ಅಲ್ಲಿ ಅಂಕಕ್ಕೆ ಹಾಗನ್ನುತ್ತಾರೆ) ಯಾರಿಗೂ ಬೇಡ. ನಾಲ್ಕರಲ್ಲಿ ಒಂದೊಂದರಲ್ಲೂ ಕನಿಷ್ಠ 6 ಇರಬೇಕು. ಬರವಣಿಗೆಯ ಆ ಅರ್ಧ ಬ್ಯಾಂಡಿನಿಂದಾಗಿ ನಾನು ಅರ್ಹನೇ ಅಲ್ಲ!

ಎರಡನೇ ಸಲ 8, 7, 7, ಬರವಣಿಗೆ 6.5. ಭಾಷೆಗೆ 23 ಪಾಯಿಂಟ್ ಸಿಕ್ಕಿತು. ವಯಸ್ಸಿಗೆ 12, ಬಿಇ ಡಿಗ್ರಿಗೆ 21, ಆರು ವರ್ಷ ದಾಟಿದ ಅನುಭವಕ್ಕೆ 15. ಒಟ್ಟು 71. ಡಿಗ್ರಿಗೆ ಪಾಯಿಂಟ್ ಸಿಗಬೇಕಾದರೆ ಇಸಿಎ ಮಾಡಿಸಬೇಕು. ನಿಮ್ಮ ಓದು ಕೆನಡಾದ ಯಾವ ಓದಿಗೆ ಸಮ ಅಂತ ಹೇಳುವ ವರದಿ ಅದು, ಐದು ವರ್ಷ ಚಾಲ್ತಿಯಲ್ಲಿರುತ್ತದೆ. ನನಗೆ ಅದರಲ್ಲಿ ತೊಂದರೆ ಆಗಲಿಲ್ಲ.

ಆದರೆ 1200ರ ಲೆಕ್ಕದಲ್ಲಿ ನನಗೆ ಬಂದಿದ್ದು ಬರೀ 368. ಒಂದು ರಾತ್ರಿ ಪಾಯಿಂಟ್‌ಗಳ ಪಟ್ಟಿ ತೆಗೆದು ಕೂತೆ. ಬರವಣಿಗೆ 6.5 ಬದಲು 7 ಆಗಿದ್ದರೆ ಭಾಷೆಯಲ್ಲೇ 8 ಪಾಯಿಂಟ್ ಹೆಚ್ಚು. ನಾಲ್ಕರಲ್ಲೂ ಆ ಮಟ್ಟ ಮುಟ್ಟಿದರೆ, ಡಿಗ್ರಿ ಜೊತೆ ಸೇರಿ ಇನ್ನೂ 12, ವಿದೇಶಿ, ಅಂದರೆ ಕೆನಡಾದ ಹೊರಗಿನ, ಅನುಭವದ ಜೊತೆ ಸೇರಿ 25. ಅಂದರೆ ಅರ್ಧ ಬ್ಯಾಂಡಿಗೆ 45 ಪಾಯಿಂಟ್! ಮೂರನೇ ಸಲ ಕಟ್ಟಿದ ಪರೀಕ್ಷಾ ಶುಲ್ಕದ ಬಗ್ಗೆ ನನಗೆ ಇವತ್ತಿಗೂ ಬೇಜಾರಿಲ್ಲ. 7 ಬಂತು. ಅಷ್ಟರಲ್ಲಿ 33 ತುಂಬಿ ವಯಸ್ಸಿನಲ್ಲಿ 6 ಪಾಯಿಂಟ್ ಹೋಗಿತ್ತು. 67ರ ಲೆಕ್ಕದಲ್ಲಿ 35ರವರೆಗೂ ಪೂರ್ತಿ ಪಾಯಿಂಟ್, ಸಿಆರ್‌ಎಸ್‌ನಲ್ಲಿ 30ಕ್ಕೇ ಕಡಿತ ಶುರು. ಕೂಡಿ ಕಳೆದು 407.

ಇನ್ನು ಆ ಪತ್ರದ ಕಥೆ. ಕೆನಡಾದಲ್ಲಿ ಪ್ರತಿ ಉದ್ಯೋಗಕ್ಕೂ ಎನ್‌ಒಸಿ ಅಂತ ಐದಂಕಿಯ ಕೋಡ್ ಇದೆ. ಕಳೆದ 10 ವರ್ಷದೊಳಗೆ ಕನಿಷ್ಠ ಒಂದು ವರ್ಷ, ನಡುವೆ ಬಿಡದೆ, ಸಂಬಳಕ್ಕೆ ಆ ಕೆಲಸ ಮಾಡಿರಬೇಕು. ವಾರಕ್ಕೆ 30 ಗಂಟೆಯಂತೆ 1,560 ಗಂಟೆ. ಗೆಳೆಯನೊಬ್ಬ 8 ತಿಂಗಳು ದುಡಿದು, ಬಿಟ್ಟು, ಮತ್ತೆ 10 ತಿಂಗಳು ದುಡಿದಿದ್ದ. ಕೂಡಿದರೆ ಒಂದೂವರೆ ವರ್ಷ. ಆದರೂ ಅರ್ಹತೆ ಇಲ್ಲ.

ನನ್ನ ಕೆಲಸಕ್ಕೆ ಕೋಡ್ 21301, ಮೆಕ್ಯಾನಿಕಲ್ ಎಂಜಿನಿಯರ್. ಆದರೆ ಪತ್ರದಲ್ಲಿರೋದು ಅಸಿಸ್ಟೆಂಟ್ ಮ್ಯಾನೇಜರ್. ನಮ್ಮ ಕೈಕೆಳಗೆ ಒಬ್ಬರೂ ಇರಲಿಲ್ಲ. ಮೂರು ವರ್ಷ ಆದವರಿಗೆಲ್ಲ ಆ ಹೆಸರು ಅಂಟಿಸುತ್ತಿದ್ದರು, ಅಷ್ಟೇ. ಒಬ್ಬ ಏಜೆಂಟ್, “ಮ್ಯಾನೇಜರ್ ಅಂತ ಇದೆಯಲ್ಲ ಸರ್, ಮ್ಯಾನೇಜರ್ ಕೋಡೇ ಹಾಕಿಬಿಡೋಣ, ತೂಕ ಬರುತ್ತೆ” ಅಂದ. ತೂಕ ಏನೂ ಬರಲ್ಲ. ಉದ್ಯೋಗದ ದರ್ಜೆ, ಅಂದರೆ ಟಿಯರ್, 0, 1, 2, 3 ಯಾವುದಾದರೂ ಅನುಭವಕ್ಕೆ ಅಷ್ಟೇ ಪಾಯಿಂಟ್. ಸುಳ್ಳು ಅಂತ ತೀರ್ಮಾನವಾದರೆ ಮಾತ್ರ ಐದು ವರ್ಷ ಅರ್ಜಿ ಹಾಕುವ ಹಾಗಿಲ್ಲ. ಅಧಿಕಾರಿ ನೋಡುವುದು ಹುದ್ದೆಯ ಹೆಸರನ್ನಲ್ಲ, ನೀವು ದಿನಾ ಮಾಡುತ್ತಿದ್ದ ಕೆಲಸವನ್ನು.

ಹಾಗಾಗಿ ಪತ್ರದಲ್ಲಿ ಹುದ್ದೆ, ತಾರೀಕು, ವಾರದ ಗಂಟೆ, ಸಂಬಳ, ಭತ್ಯೆ, ಮಾಡಿದ ಕೆಲಸಗಳು ಎಲ್ಲ ಇರಬೇಕು. ಎಚ್‌ಆರ್‌ಗೆ ಫೋನ್ ಮಾಡಿ ಎನ್‌ಒಸಿ ವಿಷಯ ಎತ್ತಿದೆ. ಅವರು ನಿರಾಕ್ಷೇಪಣಾ ಪತ್ರ ಅಂದುಕೊಂಡು, “ನೀವು ಬಿಟ್ಟು ನಾಲ್ಕು ವರ್ಷ ಆಯ್ತಲ್ಲ, ನಮ್ಮದೇನು ಆಕ್ಷೇಪಣೆ?” ಅಂದರು. ಬಿಡಿಸಿ ಹೇಳಿದ ಮೇಲೂ ಅದೇ ಎರಡು ಸಾಲು. ಅದಕ್ಕಿಂತ ಹೆಚ್ಚು ಬರೆಯುವ ಪದ್ಧತಿ ಇಲ್ಲವಂತೆ.

ಕೊನೆಗೆ ಅಲ್ಲಿ ನನ್ನ ಮೇಲಿದ್ದ ಮೇಲಧಿಕಾರಿಯನ್ನು ಹುಡುಕಿಕೊಂಡು ಹೋದೆ. ಅವರೂ ಆ ಕಂಪನಿ ಬಿಟ್ಟಿದ್ದರು. “ಏನಪ್ಪಾ, ಏನೇನು ಮಾಡ್ತಿದ್ದೆ ಅಂತ ನೀನೇ ಬರೆದು ಕಳಿಸು, ನೋಡ್ತೀನಿ” ಅಂದರು. ನಾನು ಕೋಡಿನ ವಿವರಣೆಯಲ್ಲಿದ್ದ ಸಾಲುಗಳನ್ನೇ ಇಳಿಸಿ ಕಳಿಸಿದೆ. ಬೈದರು. “ಇದು ನೀನಲ್ಲ, ಯಾರೋ ಪುಸ್ತಕದವನು.” ಮತ್ತೆ ಕೂತು ಬರೆದೆ. ಪಂಪಿನ ಹೌಸಿಂಗ್ ಡ್ರಾಯಿಂಗ್ ಮಾಡಿದ್ದು, ಸೋರಿಕೆ ಬಂದಾಗ ಗ್ಯಾಸ್ಕೆಟ್ ಜಾಗದ ಅಳತೆ ಬದಲಿಸಿದ್ದು, ಪರೀಕ್ಷೆ ಮಾಡಿ ವರದಿ ಕೊಟ್ಟಿದ್ದು. ಎಂಟು ಸಾಲಾಯಿತು. ಅವರು ಐದನೆಯದರ ಮೇಲೆ ಗೀಟು ಎಳೆದು, “ಇದನ್ನ ನೀನು ಮಾಡಲಿಲ್ಲ, ಮಾಡೋಕೆ ಹೋಗಿ ಬಿಟ್ಟೆ” ಅಂದರು. ಹೌದು, ಬಿಟ್ಟಿದ್ದೆ.

ಆ ಏಳು ಸಾಲನ್ನು ಅವರು ತಮ್ಮ ಹೆಸರಿನಲ್ಲೇ ಬರೆದು, ನೋಟರಿ ಮಾಡಿಸಿ ಕೊಟ್ಟರು. ಜೊತೆಗೆ ಎರಡು ಸಾಲಿನ ಪತ್ರ, ಆಫರ್ ಲೆಟರ್, ಸಂಬಳದ ಚೀಟಿಗಳು, ಬ್ಯಾಂಕ್ ಸ್ಟೇಟ್‌ಮೆಂಟ್. ಕಂಪನಿ ಪೂರ್ತಿ ಪತ್ರ ಯಾಕೆ ಕೊಡಲಿಲ್ಲ ಅಂತ ಒಂದು ಪುಟದ ವಿವರಣೆಯನ್ನೂ ಇಟ್ಟೆ. ಇದನ್ನೆಲ್ಲ ಮೊದಲೇ ಮಾಡಿಟ್ಟುಕೊಂಡಿದ್ದು ಬಚಾವಾಯಿತು. ಕರೆ ಬಂದ ಮೇಲೆ ಸಿಗುವುದು 60 ದಿನ, ಅದರಲ್ಲಿ ಪೊಲೀಸ್ ಸರ್ಟಿಫಿಕೇಟ್, ವೈದ್ಯಕೀಯ ತಪಾಸಣೆ ಎಲ್ಲ ಆಗಬೇಕು.

ದುಡ್ಡಿನ ವಿಷಯ ಚಿಕ್ಕದು. ಒಬ್ಬರಿಗೆ ಆಗ 13,757 ಕೆನಡಾ ಡಾಲರ್ ನಮ್ಮ ಖಾತೆಯಲ್ಲಿ ತೋರಿಸಬೇಕಿತ್ತು. ವರ್ಷ ವರ್ಷ ಏರುತ್ತದೆ, 2025ರಲ್ಲಿ 15,263 ಆಗಿತ್ತು. ಸಾಲದ ದುಡ್ಡು ನಡೆಯಲ್ಲ. ಆರು ತಿಂಗಳ ಸರಾಸರಿ ಕೇಳುವುದರಿಂದ ಕೊನೇ ವಾರ ತಂದು ತುಂಬಿಸಿದರೂ ಪ್ರಯೋಜನವಿಲ್ಲ.

407ಕ್ಕೆ ಕರೆ ಬರಲಿಲ್ಲ. ಕೈ ಹಿಡಿದಿದ್ದು ಒಂದು ಪ್ರಾಂತ್ಯದ ನಾಮಿನೇಷನ್, ಅಂದರೆ ಇವರು ನಮಗೆ ಬೇಕು ಅಂತ ಆ ಪ್ರಾಂತ್ಯದ ಸರ್ಕಾರ ಹೆಸರಿಸುವುದು. ಅದಕ್ಕೆ 600 ಪಾಯಿಂಟ್. ಇನ್ನೊಂದು ಮಾತು. ಕೆಲಸದ ಆಫರ್ ಕೊಡಿಸಿ ಸಿಆರ್‌ಎಸ್ ಏರಿಸ್ತೀವಿ ಅಂತ ಈಗಲೂ ದುಡ್ಡು ಕೇಳುವವರಿದ್ದಾರೆ. ಆ ಪಾಯಿಂಟ್‌ಗಳನ್ನು 2025ರ ಮಾರ್ಚ್ 25ರಿಂದಲೇ ತೆಗೆದು ಹಾಕಿದ್ದಾರೆ.

ಪಿಆರ್ ಬಂದ ದಿನ ಸರ್‌ಗೆ ಫೋನ್ ಮಾಡಿದೆ. “ಆ ಐದನೇ ಸಾಲು ತೆಗೆಸಿದ್ದು ಒಳ್ಳೇದಾಯ್ತು ನೋಡು” ಅಂದರು. ಅಧಿಕಾರಿಗಳು ಅದನ್ನು ಕೇಳುತ್ತಿದ್ದರೋ ಇಲ್ಲವೋ, ನಾನಂತೂ ವಾದಿಸಲು ಹೋಗಲಿಲ್ಲ.