ಒಂದು ವಸ್ತು ಎಷ್ಟು ವಿಷಕಾರಿ ಎಂದು ತೂಗಿ ನೋಡುವುದು ಹೇಗೆ?

‘ಇದು ವಿಷವೇ?’ ಎಂದಷ್ಟೇ ಕೇಳಿದರೆ ವಿಷವಿಜ್ಞಾನದಲ್ಲಿ ಉತ್ತರ ಸಿಗುವುದಿಲ್ಲ. ಎಷ್ಟು ಪ್ರಮಾಣದಲ್ಲಿ, ಯಾವ ದಾರಿಯಿಂದ, ಎಷ್ಟು ಕಾಲ, ಯಾರ ದೇಹಕ್ಕೆ ಎಂಬ ವಿವರಗಳನ್ನು ಮೊದಲು ಕಲೆಹಾಕಬೇಕು.

ಪ್ರಮಾಣವೇ ಒಂದು ವಸ್ತುವನ್ನು ವಿಷವಾಗಿಸುತ್ತದೆ ಎಂದು ಸ್ವಿಸ್ ವೈದ್ಯ ಪ್ಯಾರಾಸೆಲ್ಸಸ್ 1538ರಲ್ಲಿ ಬರೆದದ್ದು ಇಂದಿಗೂ ಈ ಶಾಸ್ತ್ರದ ತಳಪಾಯವಾಗಿದೆ. ಆ ಪ್ರಮಾಣವನ್ನು ದೇಹದ ತೂಕಕ್ಕೆ ಹೊಂದಿಸಿಯೇ ಲೆಕ್ಕ ಹಾಕಬೇಕು: 10 ಕಿಲೋ ತೂಕದ ಮಗು ಒಂದು ಮಾತ್ರೆ ನುಂಗಿದರೆ, ತೂಕದ ಲೆಕ್ಕದಲ್ಲಿ ಅದು 60 ಕಿಲೋ ತೂಕದ ವಯಸ್ಕರು ಆರು ಮಾತ್ರೆ ನುಂಗಿದ್ದಕ್ಕೆ ಸಮ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುವ ಪ್ರಮಾಣಕ್ಕೆ ಎಲ್‌ಡಿ50 ಎಂದು ಹೆಸರು. ಇಲಿಗಳ ಹೊಟ್ಟೆಗೆ ಕೊಟ್ಟಾಗ ಅದು ಅಡುಗೆ ಉಪ್ಪಿಗೆ ಕಿಲೋ ತೂಕಕ್ಕೆ ಸುಮಾರು 3,000 ಮಿಲಿಗ್ರಾಂ, ಕೆಫೀನ್‌ಗೆ ಸುಮಾರು 200 ಮಿಲಿಗ್ರಾಂ. ಸಂಖ್ಯೆ ಚಿಕ್ಕದಾದಷ್ಟೂ ವಿಷ ತೀಕ್ಷ್ಣ. ಆದರೆ ಒಂದೇ ಸಲಕ್ಕೆ ಒಳಹೋದದ್ದು ಕೊಲ್ಲುತ್ತದೆಯೇ ಎಂಬುದನ್ನಷ್ಟೇ ಈ ಸಂಖ್ಯೆ ಹೇಳುತ್ತದೆ. ಕ್ಯಾನ್ಸರ್, ನರಗಳ ಹಾನಿ, ಗರ್ಭಸ್ಥ ಶಿಶುವಿನ ಮೇಲಾಗುವ ಪರಿಣಾಮ ಇದರ ಲೆಕ್ಕಕ್ಕೆ ಸಿಗುವುದೇ ಇಲ್ಲವಾದ್ದರಿಂದ ಇದೊಂದನ್ನೇ ನಂಬಿ ತೀರ್ಪು ಕೊಡುವುದು ಸರಿಯಲ್ಲ.

ಒಳಹೋಗುವ ದಾರಿ ಎಷ್ಟು ಮುಖ್ಯವೆಂಬುದಕ್ಕೆ ಥರ್ಮಾಮೀಟರಿನ ಪಾದರಸವನ್ನೇ ನೋಡಬಹುದು. ನುಂಗಿದ ದ್ರವ ಪಾದರಸವನ್ನು ಕರುಳು ಹೀರುವುದು ಅತ್ಯಲ್ಪ. ಅದೇ ಆವಿಯಾಗಿ ಉಸಿರಿನೊಡನೆ ಹೋದರೆ ಸುಮಾರು ಶೇ. 80ರಷ್ಟು ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಮಿದುಳನ್ನೂ ತಲುಪುತ್ತದೆ. ಆದ್ದರಿಂದ ನೆಲಕ್ಕೆ ಚೆಲ್ಲಿದ ಪಾದರಸವನ್ನು ಪೊರಕೆಯಿಂದ ಗುಡಿಸಿ ಇನ್ನಷ್ಟು ಸಣ್ಣ ಹನಿಗಳಾಗಿ ಒಡೆಯಬಾರದು; ಕಿಟಕಿ ತೆರೆದು, ಕೈಗವಸು ಹಾಕಿಕೊಂಡು, ಗಟ್ಟಿ ಕಾಗದದ ಅಂಚಿನಿಂದ ಒಂದೆಡೆ ಕೂಡಿಸಿ ಮುಚ್ಚಳವಿರುವ ಡಬ್ಬಿಗೆ ಹಾಕಬೇಕು.

ಒಳಬಂದ ವಸ್ತುವನ್ನು ದೇಹ ಏನು ಮಾಡುತ್ತದೆ ಎಂಬುದು ಎಲ್ಲಕ್ಕಿಂತ ಕುತೂಹಲದ ಭಾಗ. ಬಹುಪಾಲು ವಸ್ತುಗಳನ್ನು ಯಕೃತ್ತು ನೀರಿನಲ್ಲಿ ಕರಗುವಂತೆ ಬದಲಿಸಿ ಮೂತ್ರದಲ್ಲೋ ಪಿತ್ತರಸದಲ್ಲೋ ಹೊರಹಾಕುತ್ತದೆ, ಆದರೆ ಕೆಲವೊಮ್ಮೆ ಈ ಬದಲಾವಣೆಯೇ ಅಪಾಯವನ್ನು ಹುಟ್ಟಿಸುತ್ತದೆ. ಪ್ಯಾರಾಸಿಟಮಾಲ್‌ನ ಸಣ್ಣದೊಂದು ಭಾಗ ಯಕೃತ್ತಿನಲ್ಲಿ ಜೀವಕೋಶಗಳನ್ನು ನಾಶಮಾಡಬಲ್ಲ ವಸ್ತುವಾಗಿ ಮಾರ್ಪಡುತ್ತದೆ. ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡಾಗ ಗ್ಲೂಟಾಥಯೋನ್ ಎಂಬ ರಕ್ಷಕ ವಸ್ತು ಅದನ್ನು ತಕ್ಷಣ ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಮಿತಿಮೀರಿ ನುಂಗಿದಾಗ ಗ್ಲೂಟಾಥಯೋನ್ ಬರಿದಾಗಿ ಜೀವಕೋಶಗಳು ಸಾಯತೊಡಗುತ್ತವೆ, ಆದರೂ ಮೊದಲ ದಿನ ರೋಗಿಯಲ್ಲಿ ಸ್ವಲ್ಪ ವಾಕರಿಕೆ ಬಿಟ್ಟರೆ ಏನೂ ಕಾಣದಿರಬಹುದು. ಪ್ರತಿವಿಷವಾದ ಅಸಿಟೈಲ್‌ಸಿಸ್ಟೀನ್ ಎಂಟು ಗಂಟೆಯೊಳಗೆ ಸಿಕ್ಕರೆ ಅತ್ಯುತ್ತಮ ಫಲ ಕೊಡುವುದರಿಂದ, ‘ಚೆನ್ನಾಗಿಯೇ ಇದ್ದಾನಲ್ಲ’ ಎಂದು ಕಾದು ಕುಳಿತರೆ ಚಿಕಿತ್ಸೆಗೆ ಒಳ್ಳೆಯ ಹೊತ್ತು ಕೈತಪ್ಪುತ್ತದೆ. ಮೆಥನಾಲ್ ಎಂಬ ವಿಷಕಾರಿ ಮದ್ಯಸಾರವೂ ಇದೇ ಜಾತಿಯದು: ಅದರಿಂದ ದೇಹದೊಳಗೆ ಉಂಟಾಗುವ ಫಾರ್ಮಿಕ್ ಆಮ್ಲವೇ ಕಣ್ಣಿನ ನರವನ್ನು ಕೆಡಿಸುತ್ತದೆ.

ಕಾಲದ ಲೆಕ್ಕವೂ ವಸ್ತುವಿನಿಂದ ವಸ್ತುವಿಗೆ ಬೇರೆ. ಕಾರ್ಬನ್ ಮಾನಾಕ್ಸೈಡ್ ಅನಿಲ, ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಂಡು ಕೆಲವೇ ನಿಮಿಷಗಳಲ್ಲಿ ಕೊಲ್ಲಬಲ್ಲದು. ಸೀಸವಾದರೋ ಮೂಳೆಯಲ್ಲಿ ದಶಕಗಟ್ಟಲೆ ಶೇಖರವಾಗಿ ಉಳಿದು ನಿಧಾನವಾಗಿ ರಕ್ತಕ್ಕೆ ಮರಳುತ್ತಿರುತ್ತದೆ. ನುಂಗಿದ ಸೀಸವನ್ನು ಮಕ್ಕಳ ಕರುಳು ದೊಡ್ಡವರದಕ್ಕಿಂತ ಹಲವು ಪಟ್ಟು ಹೆಚ್ಚು ಹೀರುತ್ತದೆ.

ದಿನವೂ ಸೇವಿಸಬಹುದಾದ ಮಿತಿಯನ್ನು ನಿಗದಿಮಾಡುವಾಗ, ಪ್ರಾಣಿಗಳಲ್ಲಿ ಯಾವ ಹಾನಿಯೂ ಕಾಣದ ಗರಿಷ್ಠ ಪ್ರಮಾಣವನ್ನು ಸಾಮಾನ್ಯವಾಗಿ 100ರಿಂದ ಭಾಗಿಸುತ್ತಾರೆ: ಪ್ರಾಣಿಗೂ ಮನುಷ್ಯನಿಗೂ ಇರುವ ಅಂತರಕ್ಕೆ ಹತ್ತು, ಮನುಷ್ಯ ಮನುಷ್ಯರ ನಡುವಿನ ಅಂತರಕ್ಕೆ ಇನ್ನೊಂದು ಹತ್ತು. ಹಾಗಾಗಿ ಮಿತಿಯನ್ನು ಒಂದು ದಿನ ತುಸು ದಾಟಿದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ.

ಯಾರಾದರೂ ವಿಷ ನುಂಗಿದ್ದಾರೆಂಬ ಶಂಕೆ ಬಂದಾಗ ವೈದ್ಯರು ಕೇಳುವುದೂ ಇವೇ ಪ್ರಶ್ನೆಗಳನ್ನು. ಏನು, ಎಷ್ಟು, ಯಾವಾಗ ಎಂಬುದನ್ನು ಬರೆದಿಟ್ಟುಕೊಂಡು, ಬಾಟಲಿ ಅಥವಾ ಪೊಟ್ಟಣದೊಡನೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬಲವಂತವಾಗಿ ವಾಂತಿ ಮಾಡಿಸಕೂಡದು. ಆಮ್ಲ ಅಥವಾ ಕ್ಷಾರವಾಗಿದ್ದರೆ ಅದು ಅನ್ನನಾಳವನ್ನು ಎರಡನೆಯ ಸಲ ಸುಡುತ್ತದೆ, ಸೀಮೆಎಣ್ಣೆಯಾಗಿದ್ದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ.